ಕತ್ತಿ, ಹಡಗು, ಹಾಳೆ: ಹಳೆಯ ಪದಗಳ ಅರ್ಥಕ್ಕೆ ಯಾವ ನಿಘಂಟನ್ನು ನೆಚ್ಚಬೇಕು?

ಹಳೆಯ ಪದವೊಂದು ಎದುರಾದಾಗ ಯಾವ ನಿಘಂಟನ್ನು ತೆರೆಯಬೇಕು, ಕೊಳ್ಳುವುದಾದರೆ ಯಾವುದಕ್ಕೆ ಹಣ ಹಾಕಬೇಕು ಎಂದು ನನ್ನಲ್ಲಿ ಕೇಳುವವರು ಸಾಮಾನ್ಯವಾಗಿ ನಾಲ್ಕು ಬಗೆಯವರು: ತಾಳಮದ್ದಲೆಯಲ್ಲಿ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನದಲ್ಲಿ) ಅರ್ಥ, ಎಂದರೆ ಪಾತ್ರದ ಮಾತು, ಹೇಳುವವರು, ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣಸಂಚಿಕೆಗೆ ಊರಿನ ಚರಿತ್ರೆ ಬರೆಯಲು ಹೊರಟವರು, ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದ ಕಾಗದಪತ್ರಗಳನ್ನು ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಇಂಗ್ಲಿಷಿನ ಚರಿತ್ರೆಯ ಪುಸ್ತಕಗಳನ್ನು ಕನ್ನಡಕ್ಕೆ ತರುವ ಅನುವಾದಕರು. ಉಡುಪಿಯಲ್ಲಿ ಕರಡು ತಿದ್ದುವುದನ್ನೇ ಉದ್ಯೋಗ ಮಾಡಿಕೊಂಡಿರುವ ನನಗೆ ಈ ನಾಲ್ವರ ಕಷ್ಟವೂ ಗೊತ್ತು. ನಾಲ್ವರಿಗೂ ಒಂದೇ ಉತ್ತರ ಕೊಡಲಾಗದು ಎಂಬುದೂ ಗೊತ್ತು. ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ಎತ್ತಿಕೊಳ್ಳುತ್ತೇನೆ.

ನಿಘಂಟುಗಳನ್ನು ಒರೆಗೆ ಹಚ್ಚಲು ನಾನು ಮೂರು ಬಗೆಯ ಪದಗಳನ್ನು ಬಳಸುತ್ತೇನೆ: ಕತ್ತಿಯ ಹೆಸರುಗಳು, ಹಡಗಿನ ಹೆಸರುಗಳು, ಬರೆಯುವ ಮತ್ತು ಅಚ್ಚುಹಾಕುವ ಹಾಳೆಯ ಹೆಸರುಗಳು. ಈ ಮೂರನ್ನೇ ಆರಿಸಿದ್ದಕ್ಕೆ ಕಾರಣವಿದೆ. ಕತ್ತಿಯ ಹೆಸರುಗಳಲ್ಲಿ ಅಚ್ಚಗನ್ನಡ, ಸಂಸ್ಕೃತ, ಉತ್ತರದ ಭಾಷೆಗಳು, ತುಳು ಎಲ್ಲವೂ ಪದರಪದರವಾಗಿ ಕೂತಿವೆ. ಹಡಗಿನ ಹೆಸರುಗಳು ಹೆಚ್ಚಾಗಿ ಕರಾವಳಿಯವು. ಬಯಲುಸೀಮೆಯಲ್ಲಿ ಕುಳಿತು ಮಾಡಿದ ಪದಕೋಶಕ್ಕೆ ಅವು ಸುಲಭವಾಗಿ ಸಿಕ್ಕುವುದಿಲ್ಲ. ಹಾಳೆಯ ಹೆಸರುಗಳಲ್ಲಾದರೆ ಪದ ಹಾಗೆಯೇ ಉಳಿದು ಅದು ಹೇಳುವ ವಸ್ತುವೇ ಬದಲಾಗಿದೆ. ಎಲೆ ಹೋಗಿ ಬಟ್ಟೆ ಬಂತು, ಬಟ್ಟೆ ಹೋಗಿ ಕಾಗದ ಬಂತು. ಈ ಮೂರು ಕಡೆಯೂ ಕೈಕೊಡದ ನಿಘಂಟು ಉಳಿದ ಕಡೆಗಳಲ್ಲೂ ಸಾಮಾನ್ಯವಾಗಿ ಕೈಕೊಡುವುದಿಲ್ಲ.

ಅಳೆಯುವ ಕೋಲುಗಳು

ಮೊದಲನೆಯದು ಕಾಗುಣಿತ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ತಮಿಳು ಇವೆರಡನ್ನೂ ಇಂದಿಗೂ ಬೇರೆಬೇರೆ ಅಕ್ಷರಗಳಲ್ಲಿ ಬರೆಯುತ್ತದೆ. ಕನ್ನಡದಲ್ಲಿ ೞಕಾರ ಬಿದ್ದುಹೋದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ಕೇಶಿರಾಜನು ತನ್ನ ವ್ಯಾಕರಣದಲ್ಲಿ ಈ ಅಕ್ಷರಗಳ ಭೇದವನ್ನು ಅಷ್ಟು ಕಾಳಜಿಯಿಂದ ಹೇಳಿದ್ದೇಕೆ ಎಂಬುದು ಇಂಥ ಜೋಡಿಗಳನ್ನು ನೋಡಿದಾಗ ಅರ್ಥವಾಗುತ್ತದೆ. ನನಗೆ ಅದು ಅರ್ಥವಾದದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಸಂಚಿಕೆಯೊಂದರ ಲೇಖನದಲ್ಲಿ ‘ಬಾಳ್ಗಚ್ಚು’ ಎಂಬ ಮಾತು ಬಂದಿತ್ತು. ಕೈಗೆ ಸಿಕ್ಕ ಚಿಕ್ಕ ಪದಕೋಶದಲ್ಲಿ ಬಾಳ್ ಎಂಬುದಕ್ಕೆ ಬದುಕು ಎಂದಷ್ಟೇ ಇದ್ದುದರಿಂದ, ‘ಜೀವನೋಪಾಯಕ್ಕಾಗಿ ಕೊಟ್ಟ ಭೂಮಿ’ ಎಂದು ನಾನೇ ಅಡಿಟಿಪ್ಪಣಿ ಸೇರಿಸಿದೆ. ಅಚ್ಚಾಗಿ ಬಂದ ಮೇಲೆ ಹಿರಿಯ ಪಂಡಿತರೊಬ್ಬರು ಮನೆಗೆ ಕರೆಸಿ, ಅದು ಬಾಳನ್ನು, ಎಂದರೆ ಕತ್ತಿಯನ್ನು, ತೊಳೆದು ವೀರನಿಗೆ ಕೊಡುವ ದತ್ತಿ ಎಂದು ತಿಳಿಸಿದರು. 949ರ ಆತಕೂರು ಶಾಸನದಲ್ಲಿ ಗಂಗರ ಬೂತುಗನು ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಕೊಟ್ಟದ್ದು ಇಂಥದೇ ಬಾಳ್ಗಚ್ಚು. ಅಂದಿನಿಂದ ೞ, ಱ ಅಕ್ಷರಗಳನ್ನು ಪ್ರತ್ಯೇಕವಾಗಿ ಕಾಣಿಸದ ನಿಘಂಟನ್ನು ಹಳಗನ್ನಡಕ್ಕೆ ನಾನು ತೆರೆಯುವುದಿಲ್ಲ.

ಕಾಗುಣಿತದ ಇನ್ನೊಂದು ತೊಡಕು ಪಕಾರ ಹಕಾರಗಳದ್ದು. ನಾವು ಹಡಗು ಎನ್ನುವುದನ್ನು ಹಳೆಯ ಬರಹದಲ್ಲಿ ಪಕಾರದ ಕೆಳಗೆ, ‘ಪಡಗು’ ಎಂದು ಹುಡುಕಬೇಕು. ಹಾಳೆಯನ್ನು ‘ಪಾಳೆ’ ಎಂದು. ತುಳು ಬಲ್ಲವರಿಗೆ ಈ ತೊಡಕು ತೊಡಕೇ ಅಲ್ಲ, ಏಕೆಂದರೆ ಅವರ ಮನೆಯ ಮಾತಿನಲ್ಲಿ ಇಂದಿಗೂ ‘ಪಡವು’, ‘ಪಾಳೆ’ ಎಂದೇ ಇದೆ.

ಎರಡನೆಯದು ಪ್ರಯೋಗ. ಅರ್ಥವನ್ನು ಹೇಳುವುದಷ್ಟೇ ಅಲ್ಲದೆ ಆ ಪದ ಯಾವ ಶಾಸನದಲ್ಲಿ, ಯಾವ ಕಾವ್ಯದಲ್ಲಿ, ಯಾವ ವಾಕ್ಯದಲ್ಲಿ ಬಂದಿದೆ ಎಂಬುದನ್ನು ನಿಘಂಟು ತೋರಿಸುತ್ತದೆಯೇ? ‘ಕರಪತ್ರ’ ಎಂಬ ಪದವನ್ನೇ ನೋಡಿ. ನಮಗೆ ಅದು ಪೇಟೆಯಲ್ಲಿ ಹಂಚುವ ಅಚ್ಚಿನ ಹಾಳೆ. ಸಂಸ್ಕೃತದ ಹಳೆಯ ಕೋಶವಾದ ಅಮರಕೋಶದಲ್ಲಿ ಅದು ಕ್ರಕಚಕ್ಕೆ, ಎಂದರೆ ಗರಗಸಕ್ಕೆ, ಪರ್ಯಾಯಪದ. ಹಳೆಯ ಕಾವ್ಯದಲ್ಲಿ ಯಮಭಟರು ಪಾಪಿಯನ್ನು ಕರಪತ್ರದಿಂದ ಸೀಳಿದರು ಎಂದು ಬಂದರೆ ಇಂದಿನ ಅರ್ಥ ಹಿಡಿದವನ ಪಾಡು ಏನಾಗಬೇಕು! ಯಾವ ಅರ್ಥ ಯಾವ ಕಾಲದ್ದು ಎಂದು ತಿಳಿಯಲು ಪ್ರಯೋಗವೊಂದೇ ದಾರಿ.

ಮೂರನೆಯದು ಕರಾವಳಿಯ ಮಾತು ಎಷ್ಟು ಸೇರಿದೆ ಎಂಬುದು. ನಾಲ್ಕನೆಯದು ಅರ್ಥವನ್ನು ಕನ್ನಡದಲ್ಲಿ ಕೊಡುತ್ತದೆಯೋ ಇಂಗ್ಲಿಷಿನಲ್ಲಿ ಕೊಡುತ್ತದೆಯೋ ಎಂಬುದು. ಬೆಲೆ, ಕಪಾಟಿನಲ್ಲಿ ಹಿಡಿಯುವ ಜಾಗ, ಕೈಯಲ್ಲಿ ಹಿಡಿದು ಓದುವ ಅನುಕೂಲ ಇವು ಕೊನೆಗೆ ಬರುತ್ತವೆ, ಆದರೆ ಮನೆಯಲ್ಲಿ ನಿಜವಾದ ತೀರ್ಮಾನ ಆಗುವುದು ಅವುಗಳಿಂದಲೇ.

ಕಿಟ್ಟೆಲ್ಲರ ನಿಘಂಟು

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. 1853ರಲ್ಲಿ ಈ ದೇಶಕ್ಕೆ ಬಂದ ಅವರು ಇದಕ್ಕೂ ಮೊದಲೇ, 1872ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಇಲ್ಲಿಯೇ ಅಚ್ಚುಹಾಕಿಸಿದ್ದರು. ಆ ವ್ಯಾಕರಣದ ಶಿಸ್ತು ನಿಘಂಟಿನಲ್ಲಿ ಎದ್ದುಕಾಣುತ್ತದೆ: ಬಾಳ್ ಬೇರೆ, ಬಾೞ್ ಬೇರೆ. ತದ್ಭವಗಳಿಗೆ ಮೂಲ ಕೊಟ್ಟಿದ್ದಾರೆ. ತಮಿಳು, ತೆಲುಗು, ಮಲಯಾಳ, ತುಳುಗಳ ಸಂಬಂಧಿ ಪದಗಳನ್ನು ಪಕ್ಕದಲ್ಲೇ ಇಟ್ಟಿದ್ದಾರೆ. ಗಾದೆಗಳನ್ನೂ ಧಾರಾಳವಾಗಿ ಸೇರಿಸಿದ್ದಾರೆ. ಒಂದೇ ಸಂಪುಟದಲ್ಲಿ ಇಷ್ಟನ್ನು ಕೊಡುವ ಕನ್ನಡ ನಿಘಂಟು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೊರತೆಗಳೂ ಇವೆ. ಅರ್ಥಗಳು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷಿನಲ್ಲಿವೆ. ಕತ್ತಿಯ ಬಗೆಗಳನ್ನು ವಿವರಿಸುವ ಆ ಇಂಗ್ಲಿಷ್ ಪದಕ್ಕೇ ಮತ್ತೊಂದು ನಿಘಂಟು ನೋಡಬೇಕಾಗುತ್ತದೆ. ಆಕರಗಳನ್ನು ಹ್ರಸ್ವಾಕ್ಷರಗಳಲ್ಲಿ ಸೂಚಿಸಿರುವುದರಿಂದ ಮೊದಲ ಪುಟಗಳ ಸಂಕೇತಪಟ್ಟಿಯನ್ನು ಓದದೆ ಒಳಹೊಕ್ಕವರಿಗೆ ದಾರಿ ತಪ್ಪುತ್ತದೆ. ಮುಖ್ಯವಾಗಿ, 1894ರ ಬಳಿಕ ಬೆಳಕಿಗೆ ಬಂದ ಶಾಸನಗಳ ಮತ್ತು ಗ್ರಂಥಗಳ ಪದಸಂಪತ್ತು ಇದರಲ್ಲಿ ಇರಲು ಸಾಧ್ಯವಿಲ್ಲ. ಮರಿಯಪ್ಪ ಭಟ್ಟರು ಇದನ್ನು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯದಿಂದ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಸಿಕ್ಕರೆ ಪರಿಷ್ಕೃತ ಆವೃತ್ತಿಯೇ ಮೇಲು. ಸಿಗದಿದ್ದರೆ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವ ಮೂಲ ಆವೃತ್ತಿಯ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕಿಲ್ಲ.

ಮಿಷನ್ ಕಾಲದ ಬರಹಗಳಿಗೆ ಇದರ ಸಮಾನ ಬೇರೆ ಯಾವುದೂ ಇಲ್ಲ ಎನ್ನಲು ಇನ್ನೊಂದು ಕಾರಣವಿದೆ. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾದ ಹಾಳೆಯಾಗಿತ್ತು, ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಯಿತು. ಕಲ್ಲಚ್ಚು, ಅಚ್ಚುಕೂಟ, ಅಚ್ಚುಮೊಳೆ ಎಂಬ ಪದಗಳು ನಿತ್ಯಬಳಕೆಯಲ್ಲಿದ್ದ ಸಂಸ್ಥೆಯೊಳಗೇ ಈ ನಿಘಂಟು ಸಿದ್ಧವಾಯಿತು. ಅಚ್ಚು ಎಂದರೆ ಎರಕದ ಅಚ್ಚು, ಗಾಡಿಯ ಅಚ್ಚು, ಮುದ್ರಣ ಮೂರೂ ಆಗುವುದರಿಂದ, ಆ ಕಾಲದ ಕಾಗದಪತ್ರಗಳಲ್ಲಿ ಯಾವ ಅರ್ಥ ಎಲ್ಲಿ ಸಲ್ಲುತ್ತದೆ ಎಂಬುದನ್ನು ಆ ಕಾಲದವರಿಂದಲೇ ಕೇಳುವುದು ಕ್ಷೇಮ.

ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು

ಪ್ರಯೋಗ ಎಂಬ ಅಳತೆಗೋಲನ್ನು ಹಿಡಿದರೆ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ-ಕನ್ನಡ ನಿಘಂಟಿಗೆ ಎದುರಿಲ್ಲ. ದಶಕಗಳ ಕಾಲ ಹಲವು ವಿದ್ವಾಂಸರು ದುಡಿದು 1995ರಲ್ಲಿ ಎಂಟನೆಯ ಸಂಪುಟದೊಂದಿಗೆ ಮುಗಿಸಿದ ಈ ಕೋಶ, ಪದದ ಒಂದೊಂದು ಅರ್ಥಕ್ಕೂ ಶಾಸನ ಮತ್ತು ಕಾವ್ಯಗಳಿಂದ ವಾಕ್ಯಗಳನ್ನು ಎತ್ತಿಕೊಡುತ್ತದೆ. ಅರ್ಥ ಕನ್ನಡದಲ್ಲೇ ಇರುವುದರಿಂದ ತಾಳಮದ್ದಲೆಯವರಿಗೂ ಕಾವ್ಯದ ಓದುಗರಿಗೂ ಇದು ನೇರವಾಗಿ ಒದಗುತ್ತದೆ.

ಕತ್ತಿಯ ಹೆಸರುಗಳಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಇಂದು ಉಡುಪಿಯ ಮನೆಯಲ್ಲಿ ಕತ್ತಿ ಎಂದರೆ ತೆಂಗಿನ ಮಡಲು ಕಡಿಯುವ ಕತ್ತಿ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ. ಯುದ್ಧದ ಆಯುಧ ಎಂಬುದು ಎರಡನೆಯ ನೆನಪು. ಮನುಷ್ಯರ ಮೇಲೆ ಬೀಸಿದ ಕತ್ತಿಗೆ ಮಂಗಳೂರಿನ ಪತ್ರಿಕೆಗಳು ‘ತಲವಾರು’ ಎಂಬ ಬೇರೆ ಪದವನ್ನೇ ಇಟ್ಟುಕೊಂಡಿವೆ. ಹಳೆಯ ಕಾವ್ಯದಲ್ಲಿ ಬಾಳ್, ಕತ್ತಿ, ಖಂಡೆಯ, ಕರವಾಳ, ಸುರಗಿ, ಕಡಿತಲೆ ಎಲ್ಲವೂ ಬರುತ್ತವೆ, ಆದರೆ ಅವೆಲ್ಲ ಒಂದೇ ಆಯುಧವಲ್ಲ. ಸುರಗಿ ಎಂಬುದು ಸಂಸ್ಕೃತದ ಛುರಿಕೆಯಿಂದ ಬಂದ ಚಿಕ್ಕ ಅಲಗು. ನಮ್ಮ ಕಡೆಯವರಿಗೆ ಮಾತ್ರ ಸುರಗಿ ಎಂದೊಡನೆ ಮೂಗಿಗೆ ಬರುವುದು ಮಾಲೆ ಕಟ್ಟುವ ಹೂವಿನ ಪರಿಮಳ. ಇಂಥಲ್ಲಿ ಎರಡು ಸಾಲಿನ ಪ್ರಯೋಗ ಕಣ್ಣಿಗೆ ಬಿದ್ದರೆ ಸಂಶಯ ಅಲ್ಲೇ ಹರಿಯುತ್ತದೆ.

ಎಂಟು ಸಂಪುಟ ಎಂದರೆ ಕಪಾಟಿನ ಒಂದಿಡೀ ಹಲಗೆ. ಒಂದು ಪದಕ್ಕಾಗಿ ಆ ಭಾರವನ್ನು ಎತ್ತಿ ಇಳಿಸುವ ಉತ್ಸಾಹ ಎಲ್ಲರಲ್ಲೂ ಇರುವುದಿಲ್ಲ. ಒಟ್ಟಿಗೆ ಕೊಳ್ಳುವ ಹಣವೂ ಕಡಮೆಯದಲ್ಲ. ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಮತ್ತು ಇನ್ನೂ ಚಿಕ್ಕದಾದ ಕನ್ನಡ ರತ್ನಕೋಶ ಇವೆ. ಇವು ಶಾಲಾ ಮಕ್ಕಳಿರುವ ಮನೆಗೆ ಅಗತ್ಯವೇ ಹೊರತು, ಪ್ರಯೋಗಗಳನ್ನು ಕೈಬಿಟ್ಟಿರುವುದರಿಂದ ದೊಡ್ಡ ಕೋಶದ ಮುಖ್ಯ ಗುಣವೇ ಅವುಗಳಲ್ಲಿ ಉಳಿದಿಲ್ಲ. ಜಿ. ವೆಂಕಟಸುಬ್ಬಯ್ಯನವರ ‘ಕನ್ನಡ ಕ್ಲಿಷ್ಟಪದ ಕೋಶ’ವು ಹಳೆಯ ಕಠಿನ ಪದಗಳಿಗೇ ಮೀಸಲಾದದ್ದು, ನಡುವಿನ ದಾರಿ ಹುಡುಕುವವರಿಗೆ ಅದು ಒಳ್ಳೆಯದು.

ಕಾಲವನ್ನು ಕುರಿತು ಒಂದು ಎಚ್ಚರಿಕೆ. ಪದ ಹಳೆಯದಾದ ಮಾತ್ರಕ್ಕೆ ಬರಹ ಹಳೆಯದಾಗುವುದಿಲ್ಲ. ನಂದಳಿಕೆಯ ಮುದ್ದಣ 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡವನು; ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದುಕೊಂಡೇ ಹಳಗನ್ನಡ ಗದ್ಯದಲ್ಲಿ ಬರೆದು, ಅದನ್ನು ಹಳೆಯ ಕೃತಿಯೆಂಬಂತೆ ಪ್ರಕಟಣೆಗೆ ಕಳುಹಿಸಿದ. ಅವನ ಪದಗಳಿಗೆ ಕೋಶದಲ್ಲಿ ಹತ್ತನೆಯ ಶತಮಾನದ ಪ್ರಯೋಗ ಸಿಕ್ಕಿದರೂ, ಆ ಅರ್ಥವನ್ನು ಅವನು ಹೊಸದಾಗಿ ಬಾಗಿಸಿರಬಹುದು ಎಂಬುದನ್ನು ಓದುಗನೇ ಗಮನಿಸಬೇಕು.

ತುಳುವಿನ ಎರಡು ಕೋಶಗಳು

ಹಡಗಿನ ಹೆಸರುಗಳಿಗೆ ಬಂದಾಗ ಮೇಲಿನ ಎರಡೂ ಕೋಶಗಳ ಬಲ ಕುಂದುತ್ತದೆ ಎಂಬುದು ನನ್ನ ಅನುಭವ. ಕನ್ನಡ ಕಾವ್ಯಗಳಲ್ಲಿ ಸಮುದ್ರ ಇದೆ, ಬಹಿತ್ರ, ನಾವೆ, ಯಾನಪಾತ್ರಗಳೂ ಇವೆ. ಆದರೆ ಅವನ್ನು ವರ್ಣಿಸಿದವರಲ್ಲಿ ಹಲವರು ಕಡಲಿನಿಂದ ದೂರ ಇದ್ದವರು. ಓಡ, ಪಾತಿದೋಣಿ, ಪಾಂಡಿ, ಮಂಜಿ, ಪತ್ತೆಮಾರಿ, ಮಚವೆ ಎಂಬ ಹೆಸರುಗಳಿಗೆ ಮಲ್ಪೆಯ ಮರಳಿನಲ್ಲೋ ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲೋ ಜೀವ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ಅಲ್ಲಿ ಇಂದಿಗೂ ನೋಡಬಹುದು. ಬಂದರು ಎಂದರೆ ಮಂಗಳೂರಿನವರಿಗೆ ಪೇಟೆಯ ಒಂದು ಭಾಗದ ಹೆಸರೂ ಹೌದು ಎಂಬುದನ್ನು ಬೇರೆ ಊರಿನ ಕೋಶಕಾರ ಹೇಗೆ ಊಹಿಸಿಯಾನು?

ಇಲ್ಲಿ ನೆರವಿಗೆ ಬರುವುದು ತುಳು ನಿಘಂಟು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರ ನಡುವೆ ಆರು ಸಂಪುಟಗಳಲ್ಲಿ ಬಂದ ಈ ಕೋಶ, ಪದವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಅರ್ಥವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೇಳುತ್ತದೆ. ಊರಿಂದ ಊರಿಗೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುವ ರೂಪಗಳನ್ನು ದಾಖಲಿಸುತ್ತದೆ, ತುಳುವಿನ ಜನಪದ ಕಥನಗೀತೆಗಳಾದ ಪಾಡ್ದನಗಳ ಪ್ರಯೋಗಗಳನ್ನೂ ಕೊಡುತ್ತದೆ. ದೈವದ ಕೈಯ ಆಯುಧವನ್ನು ಒಬ್ಬರು ಕಡ್ತಲೆ ಎಂದರೆ ಇನ್ನೊಬ್ಬರು ಕಡ್ಸಲೆ ಎನ್ನುತ್ತಾರೆ. ಗರಡಿ ಎಂಬ ಗುಡಿಯಲ್ಲಿ ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಆಯುಧ ಸುರಿಯ. ಅಡುಗೆಮನೆಯ ಚಾಕು ಬಿಸತ್ತಿ. ಸಂಚಿಕೆಗೆ ಬರೆಯುವವರು ಇವೆಲ್ಲವನ್ನೂ ‘ಖಡ್ಗ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಕಡ್ತಲೆ ಮತ್ತು ಹಳಗನ್ನಡದ ಕಡಿತಲೆ ಎದುರುಬದುರು ಇದ್ದರೆ ಓದುಗನಿಗೆ ಎಷ್ಟೊಂದು ಸಿಗುತ್ತಿತ್ತು!

ಇದಕ್ಕಿಂತ ನೂರು ವರ್ಷ ಹಿಂದಿನದು ಆಗುಸ್ಟ್ ಮೆನ್ನರ್‌ರ ತುಳು-ಇಂಗ್ಲಿಷ್ ನಿಘಂಟು, 1886ರದ್ದು. ಅದೂ ಮಂಗಳೂರಿನ ಮಿಷನ್ನಿನ ಪ್ರಕಟಣೆ. ಚಿಕ್ಕದು, ವಿವರಣೆ ಕಡಮೆ, ಅರ್ಥ ಇಂಗ್ಲಿಷಿನಲ್ಲಿ ಮಾತ್ರ. ಆದರೂ 1886ರಲ್ಲಿ ಒಂದು ಪದಕ್ಕೆ ಯಾವ ಅರ್ಥವಿತ್ತು ಎಂಬ ಪ್ರಶ್ನೆಗೆ ಸಾಕ್ಷಿ ಬೇಕಾದಾಗ ಆರು ಸಂಪುಟಗಳಿಗಿಂತ ಈ ಒಂದರ ಮಾತಿಗೆ ತೂಕ ಹೆಚ್ಚು. ಅಂತರ್ಜಾಲದಲ್ಲಿ ಸಿಗುವುದರಿಂದ ಕೊಳ್ಳುವ ಪ್ರಶ್ನೆಯಿಲ್ಲ.

ಲಿಪಿಯ ವಿಷಯದಲ್ಲಿ ಸಣ್ಣ ಮಾತೊಂದು. ಪಡವು ಎಂದರೆ ಹಡಗು, ಪದವು ಎಂದರೆ ಗುಡ್ಡದ ಮೇಲಿನ ಬಯಲು. ಮಂಗಳೂರಿನ ಪದವಿನಂಗಡಿ ಎರಡನೆಯದಕ್ಕೆ ಸೇರಿದ್ದು. ರೋಮನ್ ಲಿಪಿಯ ಬೋರ್ಡುಗಳಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಹಾಗೆ ಬರೆದದ್ದನ್ನೇ ಆಧಾರ ಮಾಡಿಕೊಂಡು ಗುಡ್ಡದ ಮೇಲೆ ಹಡಗು ತಂದು ನಿಲ್ಲಿಸಿದ ಸ್ಥಳಪುರಾಣವನ್ನು ನಾನು ಕರಡಿನಲ್ಲಿ ಓದಿದ್ದೇನೆ.

ಅಮರಕೋಶ

ಸಾವಿರ ವರ್ಷಕ್ಕೂ ಹಳೆಯದಾದ ಈ ಸಂಸ್ಕೃತ ಕೋಶವನ್ನು ಇಲ್ಲಿ ಸೇರಿಸಲು ಮುಖ್ಯ ಕಾರಣ ಯಕ್ಷಗಾನ. ಪ್ರಸಂಗದ ಪದ್ಯಗಳಲ್ಲೂ ಅರ್ಥಗಾರಿಕೆಯಲ್ಲೂ ಬರುವ ಕತ್ತಿಯ ಹೆಸರುಗಳು ಬಹುಮಟ್ಟಿಗೆ ಇದರ ಎರಡು ಸಾಲುಗಳೊಳಗೆ ಅಡಗಿವೆ: ಖಡ್ಗ, ನಿಸ್ತ್ರಿಂಶ, ಚಂದ್ರಹಾಸ, ಅಸಿ, ರಿಷ್ಟಿ, ಕೌಕ್ಷೇಯಕ, ಮಂಡಲಾಗ್ರ, ಕರವಾಲ, ಕೃಪಾಣ. ಬಾಯಿಪಾಠ ಮಾಡಿದವನಿಗೆ ವೇದಿಕೆಯಲ್ಲಿ ಪುಸ್ತಕ ತೆರೆಯುವ ಅಗತ್ಯವೇ ಇಲ್ಲ. ಕನ್ನಡ ಟೀಕೆ, ಎಂದರೆ ವಿವರಣೆ, ಇರುವ ಚಿಕ್ಕ ಪುಸ್ತಕ ಚೀಲದಲ್ಲಿ ಹಿಡಿಯುತ್ತದೆ, ಬೆಲೆಯೂ ಎಟುಕುತ್ತದೆ.

ಆದರೆ ಇದು ಪರ್ಯಾಯಪದಗಳನ್ನು ಒಟ್ಟುಗೂಡಿಸುವ ಕೋಶ. ಅವುಗಳ ನಡುವಿನ ಭೇದವನ್ನು ಅದು ಹೇಳುವುದಿಲ್ಲ. ನಿಸ್ತ್ರಿಂಶವೆಂದರೆ ಮೂವತ್ತು ಅಂಗುಲವನ್ನು ಮೀರಿದ್ದು. ಮಂಡಲಾಗ್ರದ ತುದಿ ದುಂಡಾದದ್ದು. ಕೌಕ್ಷೇಯಕ ಪಕ್ಕೆಯಲ್ಲಿ ತೂಗುವುದು. ಇವು ವ್ಯುತ್ಪತ್ತಿಯಿಂದ ತಿಳಿಯುವ ಸಂಗತಿಗಳು, ಅದಕ್ಕೆ ವ್ಯಾಖ್ಯಾನ ಬೇಕು. ಅಮರಕೋಶದಲ್ಲಿ ಚಂದ್ರಹಾಸ ಯಾವ ಕತ್ತಿಯೂ ಆಗಬಹುದು. ರಾವಣನ ಅರ್ಥ ಹೇಳುವವನು ಅದನ್ನು ಶಿವನು ಕೊಟ್ಟ ಒಂದೇ ಒಂದು ಖಡ್ಗವೆಂದು ಹಿಡಿಯಬೇಕು.

ನಾನಾರ್ಥಗಳ ಭಾಗವೇ ನನಗೆ ಹೆಚ್ಚು ಪ್ರಿಯ. ‘ಪತ್ರ’ ಎಂಬ ಪದಕ್ಕೆ ಅಲ್ಲಿ ವಾಹನ, ರೆಕ್ಕೆ ಎಂಬ ಅರ್ಥಗಳಿವೆ. ಎಲೆ ಹೇಗೂ ಇದೆ. ಅಸಿಪತ್ರ ಎಂದಾಗ ಅದೇ ಪದ ಕತ್ತಿಯ ಅಲಗಾಗುತ್ತದೆ. ಬರೆದ ಓಲೆಯಾಗಿ, ಕೊನೆಗೆ ಮೋಗ್ಲಿಂಗನ ಪತ್ರಿಕೆಯಾಗಿ ಅಚ್ಚಿಗೂ ಬಂತು. ಅಲಗು, ಪಯಣದ ಸಾಧನ, ಹಾಳೆ ಮೂರನ್ನೂ ಹೊತ್ತ ಪದ ಒಂದೇ. ಹಡಗಿನ ಬಳಗದಲ್ಲಿಯೂ ಹೀಗೆಯೇ: ತರಣಿ ಎಂದರೆ ದೋಣಿಯೂ ಹೌದು ಸೂರ್ಯನೂ ಹೌದು, ಪೋತ ಎಂದರೆ ಹಡಗು, ಮರಿ, ಉಡುಪ ಎಂದರೆ ತೆಪ್ಪ, ಚಂದ್ರ. ಉಡುಪಿಯ ಹೆಸರನ್ನು ಚಂದ್ರನಿಂದ ಬಿಡಿಸುವ ಕಥೆ ಎಲ್ಲರಿಗೂ ಗೊತ್ತು. ಮಲ್ಪೆಯ ಕಡಲಿನಲ್ಲಿ ಹಡಗಿನಿಂದ ಕೃಷ್ಣ ಬಂದ ಊರಿಗೆ ತೆಪ್ಪದ ಅರ್ಥವನ್ನು ಯಾರೂ ಹಚ್ಚಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ. ತುಳುವರಂತೂ ಎರಡರ ಗೊಡವೆಯೂ ಇಲ್ಲದೆ ಒಡಿಪು ಎನ್ನುತ್ತಾರೆ.

ಯುದ್ಧದ ಹಡಗು ಮತ್ತು ಹೊರಗಿನಿಂದ ಬಂದ ಪದಗಳು

ಯುದ್ಧನೌಕೆ ಎಂಬುದು ಈಚಿನ ಸಮಾಸ. ಹಳಬರು ಯುದ್ಧಕ್ಕೆ ಹೋದ ಹಡಗಿಗೂ ಬರಿಯ ಹಡಗೆಂದೇ ಹೇಳುತ್ತಿದ್ದರು. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಿಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ಮದಗಜಗಳಂತಿದ್ದ ನೂರಾರು ನೌಗಳಿಂದ ಮುತ್ತಿದನೆಂದ ಕವಿ ರವಿಕೀರ್ತಿ ಬಳಸಿದ್ದು ‘ನೌ’ ಎಂಬ ಸಾಮಾನ್ಯ ಪದವನ್ನೇ; ಅದು ಯುದ್ಧದ್ದು ಎಂದು ತಿಳಿಯುವುದು ಆನೆಯ ಹೋಲಿಕೆಯಿಂದ.

ಬಗೆಬಗೆಯ ಯುದ್ಧದ ಹಡಗುಗಳಿಗೆ ಪ್ರತ್ಯೇಕ ಹೆಸರುಗಳು ಸಿಗುವುದು ಪೋರ್ಚುಗೀಸರು, ಮರಾಠರು, ಹೈದರನ ಕಾಲದ ದಾಖಲೆಗಳಲ್ಲಿ. 1665ರಲ್ಲಿ ಶಿವಾಜಿಯ ಹಡಗುಗಳು ಬಸರೂರಿಗೆ ಬಂದ ಸಂಗತಿಯನ್ನು ಬರೆಯುವವರಿಗೆ ಗುರಾಬ್, ಗಲಬತ ಎಂಬ ಪದಗಳು ಎದುರಾಗುತ್ತವೆ. ಗುರಾಬ್ ಎಂದರೆ ಅರಬ್ಬಿಯಲ್ಲಿ ಕಾಗೆ. ಇಂಗ್ಲಿಷರ ಬಾಯಲ್ಲಿ ಅದು ‘ಗ್ರಾಬ್’ ಆಯಿತು. ಇವುಗಳಿಗೆ ನಮ್ಮ ಕೋಶಗಳಿಗಿಂತ ಮೋಲ್ಸ್‌ವರ್ತ್‌ನ ಮರಾಠಿ-ಇಂಗ್ಲಿಷ್ ನಿಘಂಟು ಮತ್ತು ಯೂಲ್, ಬರ್ನೆಲ್ ಇಬ್ಬರೂ ಸೇರಿ ಮಾಡಿದ 1886ರ ‘ಹಾಬ್ಸನ್-ಜಾಬ್ಸನ್’ ಉಪಯುಕ್ತ. ಎರಡನೆಯದು ಒಂದೊಂದು ಪದಕ್ಕೂ ಹಳೆಯ ಪ್ರವಾಸಿಗಳ ವಾಕ್ಯಗಳನ್ನು ವರ್ಷದ ಸಮೇತ ಕೊಡುತ್ತದೆ. ಮಂಜಿ, ಪತ್ತೆಮಾರಿಗಳ ಇಂಗ್ಲಿಷ್ ರೂಪಗಳೂ ಅಲ್ಲಿವೆ. ಬರ್ನೆಲ್ ನಮಗೆ ತೀರ ಹೊರಗಿನವನೂ ಅಲ್ಲ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ. ಆದರೆ ಹಾಬ್ಸನ್-ಜಾಬ್ಸನ್ ಭಾರತದಲ್ಲಿದ್ದ ಇಂಗ್ಲಿಷರ ಬಾಯಿಗೆ ಹೋಗದ ಪದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಎರಡನೆಯ ಸಾಕ್ಷಿಯಾಗಿ ಮಾತ್ರ ಬಳಸಬೇಕು.

ಹೊರಗಿನ ಪದಗಳ ಆಟ ಎಂಥದು ಎಂಬುದಕ್ಕೆ ‘ಫಿರಂಗಿ’ ಒಂದೇ ಸಾಕು. ಅದು ಮೂಲದಲ್ಲಿ ಯುರೋಪಿನ ಮನುಷ್ಯ. ಕನ್ನಡದಲ್ಲಿ ತೋಪು. ಮರಾಠಿಯಲ್ಲಿ ಯುರೋಪಿನ ನೇರ ಅಲಗು ಹಾಕಿದ ಕತ್ತಿ. ಮೈಸೂರಿನ ಕಡೆ ಪರಂಗಿ ಎಂದರೆ ಪಪ್ಪಾಯಿ ಹಣ್ಣು. ಮರಾಠಿ ದಾಖಲೆಯನ್ನು ಕನ್ನಡ ನಿಘಂಟು ಹಿಡಿದು ಓದಿದರೆ ಸವಾರನ ಸೊಂಟಕ್ಕೆ ತೋಪು ಕಟ್ಟಬೇಕಾಗುತ್ತದೆ. ಮಂಗಳೂರಿನ ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಿರುವ ‘ಬತ್ತೇರಿ’ಯೂ ಹೀಗೆ ಬಂದ ಪದ, ತೋಪುಗಳನ್ನು ಸಾಲಾಗಿ ಇಟ್ಟ ನೆಲೆ ಎಂದರ್ಥ. ಗುರುಪುರ ನದಿಯೊಳಗೆ ಯುದ್ಧದ ಹಡಗು ಬಾರದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಲ್ಲಿನ ಕಟ್ಟಡವನ್ನು ಇಂದಿನವರು ಕಾವಲುಗೋಪುರವೆಂದು ತಿಳಿದು ಹತ್ತಿ ಇಳಿಯುತ್ತಾರೆ.

ಅನುವಾದಕರಿಗೆ ಮಾತ್ರ ಸಂಬಂಧಿಸಿದ ಒಂದು ವಿಷಯ: ಇಂಗ್ಲಿಷಿನ ‘ಬ್ರಾಡ್‌ಸೈಡ್’ ಹಡಗಿನ ಪಕ್ಕವೂ ಹೌದು, ಆ ಪಕ್ಕದ ಎಲ್ಲ ತೋಪುಗಳೂ ಒಮ್ಮೆಗೇ ಹಾರಿಸುವ ಗುಂಡೂ ಹೌದು, ಒಂದೇ ಬದಿಗೆ ಅಚ್ಚುಹಾಕಿದ ದೊಡ್ಡ ಹಾಳೆಯೂ ಹೌದು. ಮೂರಕ್ಕೂ ಕನ್ನಡದಲ್ಲಿ ಬೇರೆಬೇರೆ ಮಾತು ಹುಡುಕಬೇಕೇ ಹೊರತು ಯಾವ ಇಂಗ್ಲಿಷ್-ಕನ್ನಡ ನಿಘಂಟಿನ ಮೊದಲ ಅರ್ಥವನ್ನೂ ಕಣ್ಣುಮುಚ್ಚಿ ಇಳಿಸಬಾರದು.

ಅಂತರ್ಜಾಲದ ಕೋಶಗಳು

ವಿ. ಕೃಷ್ಣ ಅವರು ಒಬ್ಬರೇ ದಶಕಗಳ ಕಾಲ ಕಟ್ಟಿದ ‘ಅಲರ್’ ಕನ್ನಡ-ಇಂಗ್ಲಿಷ್ ಕೋಶ 2019ರಿಂದ ಉಚಿತವಾಗಿ ಸಿಗುತ್ತಿದೆ, ಒಂದೂವರೆ ಲಕ್ಷ ಪದಗಳಿವೆ. ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ. ಮೊಬೈಲಿನಲ್ಲಿ ಪದ ಬರೆದರೆ ಸಾಕು. ಆದರೆ ಅರ್ಥ ಇದೆ, ಪ್ರಯೋಗ ಇಲ್ಲ. ಸರ್ಕಾರದ ‘ಪದಕಣಜ’ ಹಲವು ಕೋಶಗಳನ್ನು ಒಂದೆಡೆ ಹುಡುಕಲು ಕೊಡುತ್ತದೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ, 1984ರ ಪರಿಷ್ಕೃತ ಆವೃತ್ತಿ, ಅಂತರ್ಜಾಲದಲ್ಲಿದೆ. ಬಾಳ್, ಓಡ, ಹಡಗು, ಹಾಳೆಗಳ ಸೋದರಪದಗಳನ್ನು ಒಂದೇ ನೋಟದಲ್ಲಿ ನೋಡಬೇಕೆನ್ನುವವರಿಗೆ ಅದು. ಎಲ್ಲವೂ ರೋಮನ್ ಲಿಪಿಯಲ್ಲಿರುವುದರಿಂದ ಮೊದಲ ವಾರ ತ್ರಾಸವಾಗುತ್ತದೆ.

ಹಾಳೆಯ ಪದಗಳಲ್ಲಿ ಈ ಅವಸರದ ಹುಡುಕಾಟ ಮೋಸ ಮಾಡುವುದು ಹೆಚ್ಚು. ಕಡತ ಎಂದರೆ ಇಂದು ಕಚೇರಿಯ ಫೈಲು. ಹಿಂದೆ ಅದು ಹುಣಿಸೆಬೀಜದ ಸರಿ ಮತ್ತು ಇದ್ದಿಲನ್ನು ಬಳಿದು ಕಪ್ಪು ಮಾಡಿ, ಮಡಚಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕ, ಶೃಂಗೇರಿ ಮಠದ ಕಡತಗಳು ಪ್ರಸಿದ್ಧ. ಓಲೆ ತಾಳೆಗರಿಯೂ ಹೌದು, ಅದರ ಮೇಲೆ ಬರೆದ ಪತ್ರವೂ ಹೌದು, ಕಿವಿಯ ಆಭರಣವೂ ಹೌದು. ಕಾಗದವೆಂದರೆ ನಮ್ಮ ಹಿರಿಯರಿಗೆ ಅಂಚೆಯಲ್ಲಿ ಬರುವ ಪತ್ರ. ತುಳುವಿನಲ್ಲಿ ಅದು ಕಾಕಜಿ. ಹಾಳೆಯಾದರೋ ಅಡಿಕೆ ತೋಟದಲ್ಲಿ ಇಂದಿಗೂ ನೆಲಕ್ಕೆ ಬೀಳುತ್ತಿದೆ.

ಯಾರಿಗೆ ಯಾವುದು

ತಾಳಮದ್ದಲೆಯ ಅರ್ಥಧಾರಿಗೆ ಕನ್ನಡ ಟೀಕೆಯ ಅಮರಕೋಶ ಮತ್ತು ಕ್ಲಿಷ್ಟಪದ ಕೋಶ ಸಾಕು. ಎಂಟು ಸಂಪುಟ ಕೊಂಡು ಧೂಳು ಹಿಡಿಸುವ ಬದಲು ವರ್ಷಕ್ಕೆ ನಾಲ್ಕು ಸಲ ಗ್ರಂಥಾಲಯಕ್ಕೆ ಹೋಗಲಿ. ಊರಿನ ಚರಿತ್ರೆ ಬರೆಯುವವರಿಗೆ ಬೇರೆ ಯಾವುದಿಲ್ಲದಿದ್ದರೂ ತುಳು ನಿಘಂಟು ಬೇಕೇಬೇಕು. ಕೊಳ್ಳಲಾಗದವರು ಉಡುಪಿಯ ಎಂಜಿಎಂ ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಕೇಂದ್ರದ ಕಡೆ ಹೋಗಬಹುದು. ಮಿಷನ್ ಕಾಗದಪತ್ರಗಳ ವಿದ್ಯಾರ್ಥಿಗೆ ಕಿಟ್ಟೆಲ್ ಮತ್ತು ಮೆನ್ನರ್, ಎರಡೂ ಉಚಿತ. ಮೂಲ ದಾಖಲೆಗಳಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹವಿದೆ. ಶಾಸನ ಅಥವಾ ಹಳಗನ್ನಡ ಕಾವ್ಯವನ್ನು ಜೀವಮಾನದ ಕೆಲಸ ಮಾಡಿಕೊಂಡವರು ಮಾತ್ರ ಪರಿಷತ್ತಿನ ಕೋಶಕ್ಕೆ ಹಣ ಹಾಕಲಿ, ಅವರಿಗೆ ಅದು ದುಬಾರಿಯಲ್ಲ. ಅನುವಾದಕರಿಗೆ ಅಲರ್ ಮೊದಲ ಮೆಟ್ಟಿಲು, ಸಂಶಯ ಬಂದಲ್ಲಿ ಕಿಟ್ಟೆಲ್, ಹಡಗು ಬಂದಲ್ಲಿ ಹಾಬ್ಸನ್-ಜಾಬ್ಸನ್.

ಇಷ್ಟರ ಮೇಲೂ ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಬಾಳ್, ಪಡವು, ಕರಪತ್ರ ಎಂಬ ಮೂರು ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು, ನೀವು ಓದುತ್ತಿರುವ ಬರಹದಿಂದಲೇ ನಾಲ್ಕನೆಯ ಪದವೊಂದನ್ನು ಸೇರಿಸಿಕೊಂಡು ಗ್ರಂಥಾಲಯಕ್ಕೆ ಹೋಗಿ, ಆ ಎರಡೂ ನಿಘಂಟುಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿ ನೋಡಿ. ಮೊದಲ ಮೂರರಲ್ಲಿ ಎರಡೂ ಸಮವಾಗಿ ನಿಂತರೆ ನಾಲ್ಕನೆಯ ಪದಕ್ಕೆ ಉತ್ತರ ಕೊಟ್ಟದ್ದನ್ನು ಕೊಳ್ಳಿ.